ಪಾಡ್‌ಕಾಸ್ಟ್ ನಡೆಸುವಾಗ ಚುಟುಕಾಗಿ ಮಾತಾಡೋದು ಹೇಗೆ? ಹಂತ ಹಂತವಾಗಿ

"ನನ್ನ ಎಪಿಸೋಡ್‌ನಲ್ಲಿ ಗೆಸ್ಟ್‌ಗಿಂತ ನಾನೇ ಜಾಸ್ತಿ ಮಾತಾಡ್ತೀನಿ. ಏನು ಮಾಡಲಿ?" ಪಾಡ್‌ಕಾಸ್ಟ್ ಶುರು ಮಾಡಿ ಕೆಲವು ತಿಂಗಳಾದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲವರಿಗೆ ಕೇಳುಗರೇ ಹೇಳಿರುತ್ತಾರೆ: "ಬಂದವರು ತುಂಬಾ ಚೆನ್ನಾಗಿ ಮಾತಾಡ್ತಿದ್ರು, ನೀವು ಬಿಡಲಿಲ್ಲ." ಹಾಗಾಗಿ ಉತ್ತರವನ್ನು ಒಂದೇ ಕಡೆ ಪೂರ್ತಿಯಾಗಿ ಬರೆದಿದ್ದೇನೆ.

ರೇಡಿಯೋದವರಿಗೆ ಗಡಿಯಾರದ ಕಾವಲು ಇತ್ತು. ಹತ್ತು ನಿಮಿಷದ ಕಾರ್ಯಕ್ರಮ ಅಂದ್ರೆ ಹತ್ತೇ ನಿಮಿಷ, ಆಮೇಲೆ ವಾರ್ತೆ. ಪಾಡ್‌ಕಾಸ್ಟ್‌ಗೆ ಆ ಕಾವಲು ಇಲ್ಲ. ಎರಡು ಗಂಟೆ ಮಾತಾಡಿದರೂ ಯಾರೂ ತಡೆಯುವುದಿಲ್ಲ. ಕೇಳುಗರು ಮಾತ್ರ ಸದ್ದಿಲ್ಲದೆ ಬೇರೆ ಎಪಿಸೋಡ್‌ಗೆ ಹೋಗಿರುತ್ತಾರೆ.

ನನ್ನ ಅನುಭವದಲ್ಲಿ ಮಾತು ಉದ್ದ ಆಗೋಕೆ ಮುಖ್ಯ ಕಾರಣ ಒಂದೇ. ಏನು ಕೇಳಬೇಕು ಅಂತ ತೀರ್ಮಾನ ಆಗುವ ಮುಂಚೆಯೇ ನಾವು ಬಾಯಿ ತೆರೆಯುತ್ತೇವೆ. ಮಾತಾಡುತ್ತಾ ಮಾತಾಡುತ್ತಾ ಪ್ರಶ್ನೆ ಹುಡುಕುತ್ತೇವೆ. ಕೇಳುಗರು ಆ ಹುಡುಕಾಟವನ್ನೂ ಕೇಳಬೇಕಾಗುತ್ತದೆ. ಬೇಗ ಬೇಗ ಮಾತಾಡಿದರೆ ಇದು ಸರಿಹೋಗುವುದಿಲ್ಲ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಮೈಕ್ ಆನ್ ಆಗುವ ಮುಂಚೆ ಮಾಡುವ ಕೆಲಸಗಳೇ.

ಏನೇನು ಬೇಕು

ನಿಮ್ಮದೇ ಒಂದು ಹಳೇ ಎಪಿಸೋಡ್, ಇಯರ್‌ಫೋನ್, ನೋಟ್‌ಬುಕ್, ಎರಡು ಬಣ್ಣದ ಪೆನ್ನು. ಎಡಿಟ್ ಮಾಡೋಕೆ ಒಂದು ಸಾಫ್ಟ್‌ವೇರ್. ಆಡಾಸಿಟಿ ಉಚಿತವಾಗಿ ಸಿಗುತ್ತದೆ, ಈ ಕೆಲಸಕ್ಕೆ ಅದು ಸಾಕು. ಹೊಸ ಮೈಕ್ ಕೊಳ್ಳುವ ಅಗತ್ಯ ಇಲ್ಲ.

ಹಂತ 1: ಹತ್ತು ನಿಮಿಷ ಕೇಳಿ, ಕೈಯಲ್ಲಿ ಬರೆಯಿರಿ

ಹಳೇ ಎಪಿಸೋಡ್‌ನ ಮಧ್ಯಭಾಗದಿಂದ ಹತ್ತು ನಿಮಿಷ ಆರಿಸಿಕೊಳ್ಳಿ. ಶುರುವಿನ ಭಾಗ ಬೇಡ. ಅಲ್ಲಿ ಎಲ್ಲರೂ ತಯಾರಾಗಿ ಮಾತಾಡಿರುತ್ತಾರೆ. ಆ ಹತ್ತು ನಿಮಿಷದಲ್ಲಿ ನೀವು ಆಡಿದ ಪ್ರತಿ ಮಾತನ್ನೂ ಇದ್ದ ಹಾಗೇ ಬರೆಯಿರಿ. "ಅಂದ್ರೆ", "ಸೋ", "ಏನಂದ್ರೆ", ತಡವರಿಕೆ, ಅರ್ಧಕ್ಕೆ ಬಿಟ್ಟ ವಾಕ್ಯ, ಎಲ್ಲವೂ ಬರಲಿ.

ಬರೆದ ಮೇಲೆ ಒಂದು ಬಣ್ಣದಲ್ಲಿ ನಿಮ್ಮ ನಿಜವಾದ ಪ್ರಶ್ನೆಗಳಿಗೆ ಗೆರೆ ಎಳೆಯಿರಿ. ಇನ್ನೊಂದು ಬಣ್ಣದಲ್ಲಿ, ತೆಗೆದರೂ ಅರ್ಥ ಕೆಡದ ಭಾಗಗಳಿಗೆ ಎಳೆಯಿರಿ. ಯಾವ ಬಣ್ಣ ಜಾಸ್ತಿ ಅಂತ ನೋಡಿದರೆ ಸಾಕು, ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಇಲ್ಲಿ ಎಡವಬೇಡಿ: ಮಾತನ್ನು ಅಕ್ಷರಕ್ಕೆ ಇಳಿಸುವ ಆ್ಯಪ್‌ಗಳನ್ನು ಈ ಹಂತದಲ್ಲಿ ನಂಬಬೇಡಿ. ಗೂಗಲ್‌ನ ವಾಯ್ಸ್ ಟೈಪಿಂಗ್‌ಗೆ 2017ರಲ್ಲೇ ಕನ್ನಡ ಬಂದಿದೆ, ಬೇರೆ ಸಾಧನಗಳೂ ಇವೆ. ಆದರೆ ಇಂಥವು ತಡವರಿಕೆ, ಪುನರಾವರ್ತನೆಗಳನ್ನು ಎಷ್ಟೋ ಸಲ ತಾವೇ ಬಿಟ್ಟುಬಿಡುತ್ತವೆ. ನಾವು ಹುಡುಕುತ್ತಿರುವುದೇ ಅದನ್ನು. ಹಾಗೇ, ಒಂದೂವರೆ ಪಟ್ಟು ವೇಗದಲ್ಲಿ ಕೇಳಬೇಡಿ. ವೇಗದಲ್ಲಿ ಎಲ್ಲರ ಮಾತೂ ಚುರುಕಾಗೇ ಕೇಳಿಸುತ್ತದೆ.

ಹಂತ 2: ಎಪಿಸೋಡ್ ಯಾವುದರ ಬಗ್ಗೆ ಅಂತ ಒಂದು ಸಾಲು ಬರೆಯಿರಿ

ರೆಕಾರ್ಡಿಂಗ್‌ಗೆ ಮುಂಚೆ ಒಂದೇ ಸಾಲು ಬರೆದು ಕಣ್ಣೆದುರು ಅಂಟಿಸಿಕೊಳ್ಳಿ. "ಚನ್ನಪಟ್ಟಣದ ಗೊಂಬೆಗಳು" ಅಂತ ಬರೆದರೆ ಅದು ವಿಷಯ ಅಷ್ಟೇ. "ಚನ್ನಪಟ್ಟಣದ ಗೊಂಬೆ ಕೆಲಸವನ್ನು ಮುಂದೆ ಯಾರು ಮಾಡ್ತಾರೆ?" ಅಂತ ಬರೆದರೆ ಅದು ಎಪಿಸೋಡ್. ಎರಡನೇದನ್ನು ಬರೆದುಕೊಂಡವರಿಗೆ ಯಾವ ಪ್ರಶ್ನೆ ಬೇಡ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹಂತ 3: ಪೀಠಿಕೆಯಿಂದ ವೇದಿಕೆಯನ್ನು ತೆಗೆಯಿರಿ

ನಮ್ಮಲ್ಲಿ ಹೆಚ್ಚಿನವರು ಮೈಕ್ ಮುಂದೆ ಮಾತಾಡೋದು ಕಲಿತಿರೋದು ಸಭೆ ಸಮಾರಂಭಗಳಲ್ಲಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಕೊನೆಗೆ ವಂದನಾರ್ಪಣೆ. ಆ ಕ್ರಮವೇ ಪಾಡ್‌ಕಾಸ್ಟ್‌ಗೂ ಬಂದುಬಿಡುತ್ತದೆ. "ಇಂದು ನಮ್ಮೊಂದಿಗೆ ಇರುವವರು ಖ್ಯಾತ..." ಅಂತ ಶುರುವಾಗಿ ಹುಟ್ಟಿದ ಊರು, ಓದಿದ ಕಾಲೇಜು, ಬಂದ ಪ್ರಶಸ್ತಿ ಎಲ್ಲ ಮುಗಿಯುವಾಗ ನಾಲ್ಕು ನಿಮಿಷ ಆಗಿರುತ್ತದೆ. ಸಭೆಯಲ್ಲಿ ಕೂತವರು ಎದ್ದು ಹೋಗೋಕೆ ಸಂಕೋಚ ಪಡುತ್ತಾರೆ. ಫೋನ್ ಹಿಡಿದವರಿಗೆ ಆ ಸಂಕೋಚ ಇಲ್ಲ.

ಪೀಠಿಕೆಗೆ ಮೂರು ವಾಕ್ಯ ಸಾಕು. ಯಾರು, ಇವತ್ತಿನ ಮಾತಿಗೆ ಅವರೇ ಯಾಕೆ, ಇವತ್ತು ಏನು ಕೇಳ್ತೀವಿ.

"ಇವರು ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಮರದ ಆಟಿಕೆ ಮಾಡ್ತಿದ್ದಾರೆ. ಇವರ ಬೀದಿಯಲ್ಲಿ ಮೊದಲು ಮನೆಮನೆಯಲ್ಲೂ ಲೇತ್ ಇತ್ತು, ಈಗ ಇವರದ್ದೊಂದೇ ಉಳಿದಿದೆ. ಯಾಕೆ ಹೀಗಾಯ್ತು ಅಂತ ಕೇಳೋಣ." (ಉದಾಹರಣೆಗೆ ಕಟ್ಟಿದ ಪರಿಚಯ ಇದು. ಲೇತ್ ಅಂದ್ರೆ ಮರವನ್ನು ತಿರುಗಿಸಿ ಆಕಾರ ಕೊಡುವ ಯಂತ್ರ.)

ಪ್ರಶಸ್ತಿ, ಪದವಿಗಳನ್ನು ಎಪಿಸೋಡ್‌ನ ವಿವರಣೆಯಲ್ಲಿ ಬರೆಯಿರಿ. ಅತಿಥಿಗೆ ಅಗೌರವ ಆಗುತ್ತದಾ ಅಂತ ಅಳುಕು ಇದ್ದರೆ ಮೊದಲೇ ಫೋನಿನಲ್ಲಿ ಹೇಳಿಬಿಡಿ: "ಸರ್, ಪರಿಚಯ ಚಿಕ್ಕದಾಗಿ ಮಾಡ್ತೀನಿ, ನಿಮ್ಮ ಮಾತಿಗೆ ಜಾಸ್ತಿ ಸಮಯ ಇರಲಿ ಅಂತ." ಇದಕ್ಕೆ ಬೇಸರ ಮಾಡಿಕೊಳ್ಳುವವರು ಬಹಳ ಕಡಿಮೆ.

ಹಂತ 4: ಪ್ರಶ್ನೆಯನ್ನು ಕತ್ತರಿಸಿ

ಇಡೀ ಲೇಖನದಲ್ಲಿ ಮುಖ್ಯ ಹಂತ ಇದು. ಸಮಯ ಕಡಿಮೆ ಇದ್ದವರು ಇದೊಂದನ್ನೇ ಮಾಡಿದರೂ ವ್ಯತ್ಯಾಸ ಕೇಳಿಸುತ್ತದೆ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಪ್ರಶ್ನೆ ಅಂತ ಗೊತ್ತಾಗುವುದೂ ಸಾಮಾನ್ಯವಾಗಿ ಕೊನೆಗೇ. ಅದಕ್ಕೆ ಮುಂಚೆ ನೀವು ಹಿನ್ನೆಲೆ, ಇತಿಹಾಸ, ನಿಮ್ಮ ಅಭಿಪ್ರಾಯ ಎಲ್ಲ ತುಂಬಿಸಿದರೆ ಎದುರಿಗೆ ಕೂತವರು ಅಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಕಾಯಬೇಕು. ಪ್ರಶ್ನೆ ಬರುವ ಹೊತ್ತಿಗೆ ಅರ್ಧ ಮರೆತಿರುತ್ತದೆ. ಇಂಥ ಪ್ರಶ್ನೆ ನೀವೂ ಎಲ್ಲೋ ಕೇಳಿರುತ್ತೀರಿ:

"ಸರ್, ಚನ್ನಪಟ್ಟಣ ಅಂದ್ರೆ ಎಲ್ರಿಗೂ ಗೊತ್ತು, ಗೊಂಬೆಗಳ ಊರು, ಟಿಪ್ಪು ಕಾಲದಿಂದ ಬಂದಿದೆ ಅಂತಾರೆ, ನಾವೂ ಚಿಕ್ಕವರಿದ್ದಾಗ ಮೈಸೂರಿಗೆ ಹೋಗ್ತಾ ದಾರಿಯಲ್ಲಿ ನಿಲ್ಲಿಸಿ ತಗೊಳ್ತಿದ್ವಿ, ಸೋ ಈಗ ಏನಂದ್ರೆ ಪ್ಲಾಸ್ಟಿಕ್ ಆಟಿಕೆ ಬಂದ್ಬಿಟ್ಟಿದೆ, ಆಕ್ಚುಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ, ಆದ್ರೂ ಹುಡುಗರು ಈ ಕೆಲಸಕ್ಕೆ ಬರ್ತಿಲ್ಲ ಅಂತ ಕೇಳ್ತೀವಿ, ಅರಗಿನ ರೇಟೂ ಜಾಸ್ತಿ ಆಗಿದೆ ಅಂತಾರೆ, ಸೋ ಇದನ್ನೆಲ್ಲ ನೀವು ಹೇಗೆ ನೋಡ್ತೀರಿ, ಸರ್ಕಾರ ಏನು ಮಾಡಬೇಕು ಅನ್ಸುತ್ತೆ?"

ಇದಕ್ಕೆ ಬರುವ ಉತ್ತರವನ್ನು ಊಹಿಸಬಹುದು: "ಹೌದು ಸರ್, ಕಷ್ಟ ಇದೆ. ಸರ್ಕಾರ ಸಹಾಯ ಮಾಡ್ಬೇಕು." ತಪ್ಪು ಅವರದ್ದಲ್ಲ. ಹೇಳಬಹುದಾದ್ದನ್ನೆಲ್ಲ ನಾವೇ ಹೇಳಿ ಮುಗಿಸಿದ್ದೇವೆ.

ಇದನ್ನು ಕತ್ತರಿಸುವುದು ಹೀಗೆ. ಮೊದಲು ಕೊನೆಯಿಂದ ಓದಿ. ಅಲ್ಲಿ ಎರಡು ಪ್ರಶ್ನೆ ಇವೆ, ಒಂದು ಇನ್ನೊಂದನ್ನು ನುಂಗುತ್ತದೆ. ಇಂಥದ್ದನ್ನು ಜೋಡಿ ಪ್ರಶ್ನೆ ಅನ್ನೋಣ. ಅತಿಥಿ ಸುಲಭವಾದದ್ದಕ್ಕೆ ಮಾತ್ರ ಉತ್ತರಿಸುತ್ತಾರೆ. ಆಮೇಲೆ ನಿಮ್ಮ ಒಂದು ಸಾಲು ನೋಡಿ: "ಮುಂದೆ ಯಾರು ಮಾಡ್ತಾರೆ?" ಅದಕ್ಕೆ ಬೇಕಾದ ಹಿನ್ನೆಲೆ ಯಾವುದು? ಹುಡುಗರು ಬರ್ತಿಲ್ಲ ಅನ್ನೋದು ಮಾತ್ರ. ಟಿಪ್ಪು, ಜಿಐ ಟ್ಯಾಗ್, ಅರಗು ಎಲ್ಲ ಬೇರೆ ಪ್ರಶ್ನೆಗಳಿಗೆ ಸೇರಿದವು. ಅಂದಹಾಗೆ ಜಿಐ ಟ್ಯಾಗ್ ಅಂದ್ರೆ ಒಂದು ವಸ್ತು ಇಂಥ ಊರಿನದೇ ಅಂತ ಕಾನೂನು ಕೊಡುವ ಗುರುತು. ಪ್ರಶ್ನೆಯ ಒಳಗೆ ತುರುಕಿದರೆ ಅದನ್ನು ಬಿಡಿಸಿ ಹೇಳೋಕೆ ಜಾಗವೇ ಇರುವುದಿಲ್ಲ. ಉಳಿದದ್ದು ಇಷ್ಟು:

"ಹುಡುಗರು ಈ ಕೆಲಸಕ್ಕೆ ಬರ್ತಿಲ್ಲ ಅಂತಾರೆ. ಈಗ ನಿಮ್ಮ ಹತ್ತಿರ ಲೇತ್ ಕಲಿಯೋಕೆ ಯಾರು ಬರ್ತಾರೆ ಸರ್?"

ಹಿನ್ನೆಲೆಗೆ ಒಂದು ವಾಕ್ಯ, ಪೂರ್ಣವಿರಾಮ, ಪ್ರಶ್ನೆಗೆ ಒಂದು ವಾಕ್ಯ. ಎರಡನ್ನೂ ಒಂದೇ ಸರಪಳಿ ಮಾಡಬೇಡಿ. ಇನ್ನೊಂದು ವಿಷಯ ಗಮನಿಸಿ. "ಹೇಗೆ ನೋಡ್ತೀರಿ" ಅನ್ನುವುದು ಅಭಿಪ್ರಾಯ ಕೇಳುತ್ತದೆ. "ಯಾರು ಬರ್ತಾರೆ" ಅನ್ನುವುದು ಕಣ್ಣಿಗೆ ಕಾಣುವ ಮನುಷ್ಯರನ್ನು ಕೇಳುತ್ತದೆ. ಎರಡನೇದಕ್ಕೆ ಅತಿಥಿ ಒಂದು ಹೆಸರು ಹೇಳುತ್ತಾರೆ, ಒಂದು ಘಟನೆ ಹೇಳುತ್ತಾರೆ, ಅಥವಾ "ಯಾರೂ ಇಲ್ಲ" ಅಂತ ಹೇಳಿ ಸುಮ್ಮನಾಗುತ್ತಾರೆ. ಮೂರೂ ಒಳ್ಳೆಯ ಉತ್ತರಗಳೇ.

ಇಲ್ಲಿ ಹೆಚ್ಚಿನವರು ಎಡವುವುದು ಎಲ್ಲಿ ಅಂದ್ರೆ:

ಪ್ರಶ್ನೆ ಕೇಳಿ ಆಮೇಲೂ ಮಾತು ಮುಂದುವರಿಸುವುದು. "ಯಾರು ಬರ್ತಾರೆ ಸರ್? ಯಾಕಂದ್ರೆ ನಾನು ಮೊನ್ನೆ ಓದ್ತಿದ್ದೆ..." ಅಂತ. ಪ್ರಶ್ನೆಯ ಕೊನೆಯ ಪದ ಬಂದ ಮೇಲೆ ಬಾಯಿ ಮುಚ್ಚಬೇಕು, ಅಷ್ಟೇ.

ಉತ್ತರದ ಆಯ್ಕೆಗಳನ್ನೂ ನೀವೇ ಕೊಡುವುದು. "ಇದು ದುಡ್ಡಿನ ಸಮಸ್ಯೆನಾ, ಅಥವಾ ಗೌರವ ಇಲ್ಲ ಅಂತನಾ, ಅಥವಾ..." ಅತಿಥಿ ಪರೀಕ್ಷೆಯಲ್ಲಿ ಸರಿ ಉತ್ತರ ಆರಿಸುವ ಹಾಗೆ ಒಂದನ್ನು ಆರಿಸುತ್ತಾರೆ. ಅವರದ್ದೇ ಕಾರಣ ಬೇರೆ ಇದ್ದರೂ ಹೊರಗೆ ಬರುವುದಿಲ್ಲ.

ತೀರಾ ಚಿಕ್ಕದು ಮಾಡಲು ಹೋಗಿ "ಅದರ ಬಗ್ಗೆ ಸ್ವಲ್ಪ ಹೇಳಿ" ಅನ್ನುವುದು. ಇದು ಚಿಕ್ಕದು ನಿಜ, ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವ ಕೆಲಸ ಪೂರ್ತಿ ಅತಿಥಿಯ ತಲೆ ಮೇಲೆ. ಮಾತಿಗೆ ಪಳಗಿದವರಾದರೆ ನಡೆಯುತ್ತದೆ. ಮೊದಲ ಸಲ ಮೈಕ್ ಮುಂದೆ ಕೂತವರಿಗೆ ಕಷ್ಟ.

ಅಭ್ಯಾಸಕ್ಕೆ, ಹಂತ 1ರಲ್ಲಿ ಬರೆದ ನಿಮ್ಮ ಪ್ರಶ್ನೆಗಳನ್ನೇ ತೆಗೆದುಕೊಂಡು ಹೀಗೆ ಕತ್ತರಿಸಿ. ಜೋರಾಗಿ ಓದಿ. ಒಂದೇ ಉಸಿರಿಗೆ ಆರಾಮಾಗಿ ಮುಗಿಯಬೇಕು.

ಹಂತ 5: ಕೇಳಿದ ಮೇಲೆ ಸುಮ್ಮನಿರಿ

ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ತುಂಬಾ ಚಿಕ್ಕದು. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು ಬಂದಿತ್ತು. ಹಾಗಾಗಿ ಎರಡು ಸೆಕೆಂಡ್ ಮೌನ ಅಂದ್ರೆ ನಮಗೆ ಏನೋ ಎಡವಟ್ಟಾದ ಹಾಗೆ ಅನ್ನಿಸುತ್ತದೆ. ಆ ಗಾಬರಿಯಲ್ಲಿ ಪ್ರಶ್ನೆಯನ್ನು ಇನ್ನೊಂದು ಥರ ಕೇಳುತ್ತೇವೆ, ಮತ್ತೊಂದು ಥರ ಕೇಳುತ್ತೇವೆ. ಒಂದು ಪ್ರಶ್ನೆ ಮೂರಾಗುವುದು ಹೀಗೆ.

ಅತಿಥಿ ಯೋಚಿಸುತ್ತಿದ್ದಾರೆ ಅಂದ್ರೆ ಪ್ರಶ್ನೆ ಒಳ್ಳೆಯದಿತ್ತು ಅಂತ ಅರ್ಥ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೌನ ತೀರಾ ಉದ್ದ ಆದರೆ ಎಡಿಟ್‌ನಲ್ಲಿ ತೆಗೆಯಬಹುದು. ನೀವು ಅಡ್ಡ ಬಾಯಿ ಹಾಕಿದ್ದರಿಂದ ಬಾರದೇ ಹೋದ ಉತ್ತರವನ್ನು ಯಾವ ಎಡಿಟ್‌ನಲ್ಲೂ ತರೋಕಾಗಲ್ಲ.

"ಹಾಂ", "ಹ್ಞೂಂ", "ಹೌದೌದು", "ಸೂಪರ್" ಇವುಗಳ ಬದಲು ತಲೆ ಆಡಿಸಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿ. ಆನ್‌ಲೈನ್ ರೆಕಾರ್ಡಿಂಗ್‌ನಲ್ಲಿ ಇದು ಇನ್ನೂ ಮುಖ್ಯ. ಇಂಟರ್ನೆಟ್‌ನಲ್ಲಿ ದನಿ ಸ್ವಲ್ಪ ತಡವಾಗಿ ತಲುಪುವುದರಿಂದ ನಿಮ್ಮ "ಹಾಂ" ಅವರ ಮುಂದಿನ ವಾಕ್ಯದ ಮೇಲೆ ಹೋಗಿ ಬೀಳುತ್ತದೆ. ಅವರು ನಿಲ್ಲಿಸುತ್ತಾರೆ, ನೀವು "ಇಲ್ಲ ಇಲ್ಲ, ಹೇಳಿ ಹೇಳಿ" ಅನ್ನುತ್ತೀರಿ. ಸಾಧ್ಯವಾದರೆ ಇಬ್ಬರ ದನಿಯನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ, ಅಂದ್ರೆ ಪ್ರತ್ಯೇಕ ಫೈಲ್ ಆಗಿ ರೆಕಾರ್ಡ್ ಮಾಡಿ. ಆಗ ನಿಮ್ಮ "ಹಾಂ"ಗಳನ್ನು ಅಳಿಸಿದರೂ ಅವರ ಮಾತಿಗೆ ಏನೂ ಆಗುವುದಿಲ್ಲ.

ಹಂತ 6: ಅವರು ಹೇಳಿದ್ದನ್ನೇ ಮತ್ತೆ ಹೇಳಬೇಡಿ

"ಅಂದ್ರೆ ನೀವು ಹೇಳೋದೇನಂದ್ರೆ..." ಈ ಮಾತು ಬಾಯಿಗೆ ಬಂದ ಕೂಡಲೇ ತಡೆಯಿರಿ. ಕೇಳುಗರು ಆಗಲೇ ಕೇಳಿಸಿಕೊಂಡಿದ್ದಾರೆ. ಅದಕ್ಕಿಂತ, ಅವರು ಬಳಸಿದ ಒಂದು ಪದವನ್ನು ಹಿಡಿದು ನೇರ ಮುಂದೆ ಹೋಗಿ: "'ಅವತ್ತೇ ನಿಲ್ಲಿಸಿಬಿಟ್ಟೆ' ಅಂದ್ರಲ್ಲ, ಅವತ್ತು ಏನಾಯ್ತು?"

ಒಂದು ಸಂದರ್ಭದಲ್ಲಿ ಮಾತ್ರ ನೀವು ಬಾಯಿ ಹಾಕಲೇಬೇಕು: ಕೇಳುಗರಿಗೆ ಗೊತ್ತಿಲ್ಲದ ಪದ ಬಂದಾಗ. ಉತ್ತರ ಕರ್ನಾಟಕದ ರೈತರೊಬ್ಬರು "ಕೂರಿಗೆ" ಅಂದರೆ ಬೆಂಗಳೂರಿನಲ್ಲಿ ಬೆಳೆದವರಿಗೆ ಗೊತ್ತಾಗದೇ ಇರಬಹುದು. "ಕೂರಿಗೆ, ಬೀಜ ಬಿತ್ತೋ ಸಾಧನ" ಅಂತ ಅಷ್ಟೇ ಸೇರಿಸಿ ಬಿಟ್ಟುಬಿಡಿ. ಮೂರು ಪದ ಮೀರಿದರೆ ಅದು ನಿಮ್ಮ ಭಾಷಣ ಆಗುತ್ತದೆ.

ಹಿರಿಯರನ್ನು ಮಧ್ಯದಲ್ಲಿ ತಡೆಯೋದು ಹೇಗೆ ಅಂತಲೂ ಬಹಳ ಜನ ಕೇಳುತ್ತಾರೆ. ದೊಡ್ಡ ಕ್ಷಮೆ, ಪೀಠಿಕೆ ಬೇಡ. ಅವರು ಉಸಿರು ತೆಗೆದುಕೊಳ್ಳುವ ಜಾಗ ನೋಡಿ, "ಒಂದ್ನಿಮಿಷ ಅಮ್ಮಾ, ಆ ಮೊದಲನೇ ಅಂಗಡಿ ಅಂದ್ರಲ್ಲ, ಅದೆಲ್ಲಿತ್ತು?" ಅಂತ ಅವರ ಮಾತಿನಲ್ಲೇ ಇದ್ದ ಒಂದು ವಿಷಯಕ್ಕೆ ಕರೆದುಕೊಂಡು ಹೋಗಿ. ತಮ್ಮ ಮಾತನ್ನು ಇವರು ಕೇಳಿಸಿಕೊಂಡಿದ್ದಾರೆ ಅಂತ ಗೊತ್ತಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಂತ 7: ಫಿಲ್ಲರ್ ಪದಗಳು, ಒಂದು ಸಲಕ್ಕೆ ಒಂದು

ಯೋಚನೆ ಬರುವವರೆಗೆ ಜಾಗ ತುಂಬಿಸೋಕೆ ಬಳಸುವ ಪದಗಳಿಗೆ ಫಿಲ್ಲರ್ ಅನ್ನುತ್ತಾರೆ. "ಸೋ", "ಆಕ್ಚುಲಿ", "ಬೇಸಿಕಲಿ", "ಒಂಥರಾ", "ಏನಂದ್ರೆ". ಎಲ್ಲವನ್ನೂ ಒಟ್ಟಿಗೆ ಬಿಡಲು ಹೋದರೆ ವಾರ್ತೆ ಓದಿದ ಹಾಗೆ ಆಗುತ್ತದೆ. ಹಂತ 1ರ ಪುಟದಲ್ಲಿ ಯಾವುದು ಜಾಸ್ತಿ ಇದೆಯೋ ಅದೊಂದನ್ನೇ ಆರಿಸಿ, ಒಂದು ತಿಂಗಳು ಅದರ ಮೇಲೆ ಮಾತ್ರ ಕಣ್ಣಿಡಿ. ಆ ಪದ ಬರುವ ಜಾಗದಲ್ಲಿ ಸುಮ್ನೆ ನಿಲ್ಲಿ.

"ಅಲ್ವಾ", "ನೋಡಿ", "ಪಾಪ" ಇಂಥವನ್ನು ಪೂರ್ತಿ ತೆಗೆಯಬೇಡಿ. ಅವು ಮಾತಿಗೆ ಮನೆಯ ಸಲುಗೆ ಕೊಡುತ್ತವೆ.

ಇದಕ್ಕಿಂತ ದೊಡ್ಡ ಸೋರಿಕೆ ಇನ್ನೊಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷ್ ಪದ ಹೇಳಿ ಅದನ್ನೇ ಕನ್ನಡದಲ್ಲಿ ಮತ್ತೆ ಹೇಳುವುದು: "ಚಾಲೆಂಜಸ್, ಸವಾಲುಗಳು", "ಜರ್ನಿ, ಪಯಣ", "ಡಿಸಿಷನ್, ನಿರ್ಧಾರ". ಒಂದು ಗಂಟೆಯ ಎಪಿಸೋಡ್‌ನಲ್ಲಿ ಇದು ಎಷ್ಟು ಸಲ ಬರುತ್ತದೆ ಅಂತ ಎಣಿಸಿ ನೋಡಿ. ಯಾವುದು ಮೊದಲು ಬಾಯಿಗೆ ಬಂತೋ ಅದೇ ಇರಲಿ, ಎರಡನೇದು ಬೇಡ.

ಹಂತ 8: ಒಬ್ಬರೇ ಮಾತಾಡುವ ಎಪಿಸೋಡ್ ಆದರೆ

ಪೂರ್ತಿ ಬರೆದು ಓದಬೇಡಿ, ಏನೂ ಬರೆಯದೆಯೂ ಕೂರಬೇಡಿ. ಮುಖ್ಯ ವಿಷಯಗಳನ್ನು ಎರಡೆರಡು ಪದದಲ್ಲಿ ಗುರುತು ಹಾಕಿಕೊಳ್ಳಿ. ಆದರೆ ಪ್ರತಿ ಭಾಗದ ಕೊನೆಯ ವಾಕ್ಯವನ್ನು ಮಾತ್ರ ಪೂರ್ತಿ ಬರೆದುಕೊಳ್ಳಿ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದಿದ್ದಾಗಲೇ ಮಾತು ಸುತ್ತು ಹೊಡೆಯುವುದು.

ರೆಕಾರ್ಡಿಂಗ್‌ಗೆ ಮುಂಚೆ ಇಡೀ ವಿಷಯವನ್ನು ಒಂದು ನಿಮಿಷದ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಆಗಿ ಒಬ್ಬ ಸ್ನೇಹಿತರಿಗೆ ಕಳಿಸಿ. ಅವರಿಗೆ ಅರ್ಥ ಆಯಿತಾ ಅಂತ ಕೇಳಿ. ಅರ್ಥ ಆಗದಿದ್ದರೆ ಮೈಕ್ ಹತ್ತಿರ ಹೋಗುವ ಸಮಯ ಇನ್ನೂ ಬಂದಿಲ್ಲ.

ಹಂತ 9: ಎಡಿಟ್

ರೆಕಾರ್ಡ್ ಆಗುವಾಗಲೇ ಮಾತು ಎಳೆಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ, "ಇನ್ನೊಂದು ಸಲ ಕೇಳ್ತೀನಿ" ಅಂದು ಚಿಕ್ಕದಾಗಿ ಕೇಳಿ. ಇದಕ್ಕೆ ರೀಟೇಕ್ ಅನ್ನುತ್ತಾರೆ. ಕೇಳುವ ಮುಂಚೆ ಒಂದು ಚಪ್ಪಾಳೆ ತಟ್ಟಿ. ಪರದೆಯ ಮೇಲೆ ದನಿಯ ಗೆರೆಗಳಲ್ಲಿ ಚಪ್ಪಾಳೆಯ ಜಾಗ ಚೂಪಾಗಿ ಮೇಲೆದ್ದಿರುತ್ತದೆ, ಹುಡುಕೋದು ಸುಲಭ. ಆಡಾಸಿಟಿಯಲ್ಲೇ ರೆಕಾರ್ಡ್ ಮಾಡುತ್ತಿದ್ದರೆ, ವಿಂಡೋಸ್‌ನಲ್ಲಿ ಕಂಟ್ರೋಲ್ ಜೊತೆ ಎಂ ಒತ್ತಿದರೂ ಆ ಜಾಗದಲ್ಲಿ ಒಂದು ಲೇಬಲ್, ಅಂದ್ರೆ ಗುರುತಿನ ಚೀಟಿ ಬೀಳುತ್ತದೆ.

ಮೊದಲು ನಿಮ್ಮ ಮಾತನ್ನು ಕತ್ತರಿಸಿ, ಆಮೇಲೆ ಅತಿಥಿಯದ್ದು. ಸಾಲು ಸಾಲು ಮೌನಗಳನ್ನು ತಾನಾಗಿ ತೆಗೆಯುವ ಸೌಲಭ್ಯವೂ ಸಾಫ್ಟ್‌ವೇರ್‌ಗಳಲ್ಲಿ ಇದೆ. ಅದನ್ನು ಇಡೀ ಎಪಿಸೋಡ್ ಮೇಲೆ ಹಾಕಬೇಡಿ. ಗಂಟಲು ಕಟ್ಟಿ ನಿಂತ ಮೌನವನ್ನೂ, ಪೆನ್ನು ಹುಡುಕುತ್ತಿದ್ದ ಮೌನವನ್ನೂ ಅದು ಒಂದೇ ಥರ ಕತ್ತರಿಸುತ್ತದೆ. ಮಾತಿನ ಮುಂಚಿನ ಉಸಿರನ್ನೂ ಹಾಗೇ ಉಳಿಸಿ. ಉಸಿರು ತೆಗೆದರೆ ದನಿ ಯಂತ್ರದ್ದು ಅನ್ನಿಸುತ್ತದೆ.

ಅತಿಥಿ ದಾರಿ ತಪ್ಪಿ ಹೇಳಿದ ಕಥೆ ಚೆನ್ನಾಗಿದ್ದರೆ ಕತ್ತರಿಸಬೇಡಿ. ಚುಟುಕುತನ ನಿಮ್ಮ ಮಾತಿಗೆ ಬೇಕಾದದ್ದು. ಹರಟೆಯ ಸುಖ ಹಾಗೇ ಇರಲಿ.

ಹಂತ 10: ಫಲ ನೋಡಿ

ನಾಲ್ಕೈದು ಎಪಿಸೋಡ್ ಆದ ಮೇಲೆ ಮತ್ತೆ ಮಧ್ಯಭಾಗದ ಹತ್ತು ನಿಮಿಷ ತೆಗೆದುಕೊಂಡು ಹಂತ 1ನ್ನು ಮಾಡಿ. ಎರಡೂ ಪುಟಗಳನ್ನು ಪಕ್ಕಪಕ್ಕ ಇಡಿ. ಯೂಟ್ಯೂಬ್‌ನಲ್ಲೂ ಹಾಕುತ್ತಿದ್ದರೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಆಡಿಯನ್ಸ್ ರಿಟೆನ್ಷನ್ ಅನ್ನುವ ಗ್ರಾಫ್ ಇರುತ್ತದೆ. ಯಾವ ನಿಮಿಷದವರೆಗೆ ಎಷ್ಟು ಜನ ಉಳಿದರು ಅಂತ ತೋರಿಸುವುದು ಅದು. ಗೆರೆ ಥಟ್ಟನೆ ಇಳಿದ ಜಾಗಕ್ಕೆ ಹೋಗಿ ಕೇಳಿ, ಅಲ್ಲಿ ಯಾರು ಮಾತಾಡುತ್ತಿದ್ದರು ಅಂತ ಬರೆದುಕೊಳ್ಳಿ. ಮೊದಲ ನಿಮಿಷದ ಇಳಿತ ಎಲ್ಲರಿಗೂ ಇದ್ದದ್ದೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹತ್ತೂ ಹಂತಗಳನ್ನು ಒಂದೇ ವಾರದಲ್ಲಿ ಹಿಡಿಯಬೇಡಿ. ಮುಂದಿನ ರೆಕಾರ್ಡಿಂಗ್‌ಗೆ ಹಂತ 4 ಮತ್ತು 5 ಮಾತ್ರ ಸಾಕು. ಪ್ರಶ್ನೆಗಳನ್ನು ಕತ್ತರಿಸಿ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ಆ ಹಾಳೆ ಅತಿಥಿಗೆ ಕಾಣದ ಹಾಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅವರು ಮುಂದಿನ ಪ್ರಶ್ನೆಯನ್ನು ಓದಿಕೊಂಡು ಈಗಿನದಕ್ಕೆ ಅವಸರದಲ್ಲಿ ಉತ್ತರ ಮುಗಿಸಿಬಿಡುತ್ತಾರೆ.